ಗಾಲಿಮನೆಯ ಯಜಮಾನರು

ಅವರು ಬರುವುದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಮೊದಲು ಏರ್ ಬ್ರೇಕಿನ ನಿಟ್ಟುಸಿರು ಕೇಳಿಸುತ್ತದೆ. ಆಮೇಲೆ 38 ಅಡಿ ಉದ್ದದ ಮೋಟಾರ್‌ಹೋಮ್ ಗೇಟಿನೊಳಗೆ ಮೂಗು ತೂರಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ, ಅದರ ಬಾಲಕ್ಕೆ ಕಟ್ಟಿದ ಪುಟ್ಟ ಕಾರೂ ಒಳಗೆ ಬಂದು ಮುಟ್ಟುತ್ತದೆ. ಕೆಸರು, ಧೂಳು, ಅಪ್ಪಚ್ಚಿಯಾದ ಸೊಳ್ಳೆ ಎಲ್ಲ ಮೆತ್ತಿಕೊಂಡು ಎರಡಕ್ಕೂ ಈಗ ಒಂದೇ ಬಣ್ಣ. ಸ್ಟೇರಿಂಗ್ ಬಿಟ್ಟು ಕೆಳಗಿಳಿಯುವವರಿಗೆ ಅರವತ್ತೆಂಟರ ಆಸುಪಾಸು. ತಲೆಗೆ ಬೇಸ್‌ಬಾಲ್ ಟೋಪಿ, ಪ್ಯಾಂಟಿಗೆ ಸಸ್ಪೆಂಡರ್, ಸೊಂಟದಲ್ಲಿ ಇಕ್ಕಳ, ಸ್ಕ್ರೂಡ್ರೈವರುಗಳನ್ನೆಲ್ಲ ಹೊಟ್ಟೆಯೊಳಗೆ ಮಡಚಿಟ್ಟುಕೊಂಡ ಒಂದು ಚಾಕು. ಊರು ಕೆನಡಾದ ಯೂಕಾನ್ ಸೀಮೆಯ ವಾಟ್ಸನ್ ಲೇಕ್. ಸುತ್ತ ಕಣ್ಣು ಹಾಯಿಸಿದಷ್ಟೂ ಸ್ಪ್ರೂಸ್ ಕಾಡು, ಮೇಲೆ ಇನ್ನೂ ಏಳೆಂಟು ಗಂಟೆ ಹೊತ್ತು ಮುಳುಗದ ಸೂರ್ಯ. ಅವರು ಯಾವುದನ್ನೂ ನೋಡುವುದಿಲ್ಲ. ಸೊಂಟ ಹಿಡಿದು ನೆಟ್ಟಗಾಗಿ, ಸೀದಾ ಕರೆಂಟು ಕಂಬದ ಹತ್ತಿರ ಹೋಗಿ ಅದರ ಡಬ್ಬಿಯ ಮುಚ್ಚಳ ಎತ್ತುತ್ತಾರೆ.

"ಮೂವತ್ತೇ ಆಂಪ್," ಎಂದು ಹೆಂಡತಿಗೆ ಹೇಳುತ್ತಾರೆ. ರಕ್ತಪರೀಕ್ಷೆಯ ರಿಪೋರ್ಟು ಓದಿ ಹೇಳುವಾಗಿನ ದನಿ ಅದು.

ಇವರನ್ನು ಯಜಮಾನರು ಎಂದು ಕರೆಯೋಣ. ಹೆಸರು ಹಿಡಿದು ಪ್ರಯೋಜನವಿಲ್ಲ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ ಅಲಾಸ್ಕಾ ಹೆದ್ದಾರಿಯಲ್ಲಿ ಇಂಥ ಗಾಲಿಮನೆಗಳು ತಂಗುವ ಪ್ರತಿ ಆರ್‌ವಿ ಪಾರ್ಕಿನಲ್ಲೂ ಇವರು ಸಿಗುತ್ತಾರೆ: ಒಂದು ಕಡೆ ಟೆಕ್ಸಸ್ಸಿನವರಾಗಿ, ಇನ್ನೊಂದು ಕಡೆ ಓಹಾಯೋದವರಾಗಿ, ಮತ್ತೊಂದು ಕಡೆ ಸಸ್ಕಾಚೆವಾನಿನ ಗೋಧಿ ರೈತರಾಗಿ. ನಿವೃತ್ತಿಯಾದ ಮೇಲೆ ಮನೆಯ ಜಂಜಾಟವೇ ಸಾಕು ಎಂದು ಹೊರಟವರು. ಹೊರಡುವಾಗ ಹಾಸಿಗೆ, ಫ್ರಿಜ್ಜು, ಒಲೆ, ಶೌಚಾಲಯ, ಬಟ್ಟೆ ಒಗೆಯುವ ಯಂತ್ರ, ಎರಡು ಟಿವಿ, ಒಂದು ನಾಯಿ ಇಷ್ಟನ್ನೂ ಜೊತೆಗೆ ಹೊರಡಿಸಿದರು. ಬಿಟ್ಟುಬಂದದ್ದು ಮಕ್ಕಳನ್ನು ಮಾತ್ರ. ಗಾಡಿಯ ಹಿಂಭಾಗದ ಸ್ಟಿಕ್ಕರು ಅದನ್ನೂ ಮುಚ್ಚಿಟ್ಟಿಲ್ಲ: ಮಕ್ಕಳಿಗೆ ಸೇರಬೇಕಾದ ಆಸ್ತಿಯನ್ನು ನಾವೇ ಖರ್ಚು ಮಾಡುತ್ತಿದ್ದೇವೆ ಎಂದು ಅದು ಸಾರುತ್ತದೆ. ಇಂಥದ್ದನ್ನು ನಮ್ಮ ಕಡೆ ಕಾರಿಗೆ ಅಂಟಿಸಿಕೊಂಡವರು ಸಂಜೆ ಮನೆಯೊಳಗೆ ಕಾಲಿಡುವುದು ಹೇಗೆ?

ವಾಟ್ಸನ್ ಲೇಕಿನಂಥ ಊರಲ್ಲಿ ದೊಡ್ಡ ಮನರಂಜನೆ ಎಂದರೆ ಯಜಮಾನರು ಗಾಡಿ ಹಿಂದಕ್ಕೆ ತೆಗೆಯುವುದು. ಸೀದಾ ಒಳಹೊಕ್ಕು ಸೀದಾ ಹೊರಬೀಳುವ ಜಾಗಗಳೆಲ್ಲ ಮೂರು ಗಂಟೆಗೇ ಭರ್ತಿಯಾಗಿರುತ್ತವೆ. ಉಳಿದದ್ದು ಎರಡು ಸ್ಪ್ರೂಸ್ ಮರಗಳ ನಡುವಿನ ಸಂದಿ. ಬಾಲದ ಕಾರು ಬಿಚ್ಚದೆ ರಿವರ್ಸ್ ಹಾಕುವಂತಿಲ್ಲವಾದ್ದರಿಂದ ಮೊದಲು ಅದನ್ನು ಬಿಚ್ಚಬೇಕು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿರುತ್ತದೆ. ರಥಬೀದಿಯ ಮೂಲೆಯಲ್ಲಿ ತೇರು ತಿರುಗಿಸುವಾಗ ಸೇರುವ ಹಾಗೆ ಜನ ಸೇರುತ್ತಾರೆ. ಮಡಚುವ ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ. ಯಜಮಾನಿತಿ ವಾಕಿಟಾಕಿ ಹಿಡಿದು ಗಾಡಿಯ ಹಿಂದೆ ನಿಲ್ಲುತ್ತಾರೆ.

"ಬನ್ನಿ. ಬನ್ನಿ. ಸ್ವಲ್ಪ ಎಡಕ್ಕೆ."

"ಯಾರ ಎಡ? ನಿನ್ನದಾ, ನನ್ನದಾ?"

"ನಾನು ನಿಮಗೆ ಮುಖ ಮಾಡಿ ನಿಂತಿದೀನಿ. ಯಾರದಾದರೂ ಒಂದೇ."

"ಒಂದೇ ಹೇಗಾಗತ್ತೆ?"

"ನಿಲ್ಸಿ! ನಿಲ್ಸಿ ಅಂದೆ!"

"ಅದಕ್ಕೆ ಯಾಕೆ ಕಿರುಚ್ತೀಯ, ಕೈಯಲ್ಲಿ ವಾಕಿಟಾಕಿ ಇದೆಯಲ್ಲ."

ನಲವತ್ತು ವರ್ಷದ ದಾಂಪತ್ಯದಲ್ಲಿ ಇತ್ಯರ್ಥವಾಗದೆ ಉಳಿದದ್ದೆಲ್ಲ ಆ ಹತ್ತು ನಿಮಿಷದಲ್ಲಿ ವಾಕಿಟಾಕಿಯ ಮೂಲಕ ಪ್ರಸಾರವಾಗುತ್ತದೆ. ಪಕ್ಕದ ಗಾಡಿಯವರ ವಾಕಿಟಾಕಿಯೂ ಅದೇ ಚಾನೆಲ್ಲಿನಲ್ಲಿದ್ದರೆ ಅವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಕೊನೆಗೆ ಮರಕ್ಕೆ ಒಂದು ಗೇಣು ಬಿಟ್ಟು ಗಾಡಿ ನಿಲ್ಲುತ್ತದೆ. ಯಾರೋ ಚಪ್ಪಾಳೆ ತಟ್ಟುತ್ತಾರೆ. ಯಜಮಾನರು ಟೋಪಿ ಎತ್ತಿ ಕೃತಜ್ಞತೆ ಸಲ್ಲಿಸಿ, ಎರಡೇ ನಿಮಿಷದಲ್ಲಿ ತಾವೂ ಕುರ್ಚಿ ಹಾಕಿಕೊಂಡು ಮುಂದಿನ ಗಾಡಿಗಾಗಿ ಕಾಯುತ್ತಾರೆ.

ನಾನು ಇದನ್ನೆಲ್ಲ ನೋಡಿದ್ದು ಕ್ಯಾಲ್ಗರಿಯಲ್ಲಿರುವ ಅಕ್ಕನ ಮಗ ಬಾಡಿಗೆಗೆ ಹಿಡಿದ ಚಿಕ್ಕ ಆರ್‌ವಿಯ ಮೆಟ್ಟಿಲ ಮೇಲೆ ಕೂತು. ಯಜಮಾನರ ಪರಿಚಯವಾದ ಕೂಡಲೇ, ಕನ್ನಡಿಗನಾಗಿ ಕೇಳಲೇಬೇಕಾದ ಪ್ರಶ್ನೆಗೆ ಬಾಯಿ ತೆರೆದೆ. ಅಳಿಯ ಕನ್ನಡದಲ್ಲೇ ಪಿಸುಗುಟ್ಟಿದ: "ಮಾವ, ಮೈಲೇಜ್ ಎಷ್ಟು ಕೊಡತ್ತೆ ಅಂತ ಮಾತ್ರ ಕೇಳಬೇಡಿ." ಕೇಳಿಯಾಗಿತ್ತು. ಯಜಮಾನರ ಮುಖ ಸ್ವಲ್ಪ ಬಾಡಿತು. ಲೀಟರಿಗೆ ಮೂರು ಕಿಲೋಮೀಟರು. ಅದೂ ಎದುರುಗಾಳಿ ಇಲ್ಲದಿದ್ದರೆ. ಆಮೇಲೆ ಅವರು ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು, ಇಲ್ಲಿಯ ಲೀಟರಿನ ಬೆಲೆಯನ್ನು ತಮ್ಮ ಗ್ಯಾಲನ್ನಿಗೆ ತಿರುಗಿಸಿ, ಕೆನಡಾ ಡಾಲರನ್ನು ಅಮೆರಿಕದ ಡಾಲರಿಗೆ ಇಳಿಸಿ, ಬಂದ ಉತ್ತರವನ್ನು ನನಗೆ ತೋರಿಸಿದರು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆದರೆ ಮನುಷ್ಯ ಒಳ್ಳೆಯವರು. ಸಂಜೆ ನಮ್ಮ ಗಾಡಿಯ ನೀರಿನ ಪಂಪು ನಿಂತುಹೋದಾಗ, ಕರೆಯದೆಯೇ ಮೂರು ಪೆಟ್ಟಿಗೆ ಸಮೇತ ಹಾಜರಾದರು. ಒಂದರಲ್ಲಿ ಬರೀ ಫ್ಯೂಸುಗಳು, ಬಣ್ಣದ ಪ್ರಕಾರ ಜೋಡಿಸಿದವು. ಹಾಳಾದದ್ದನ್ನು ಕಿತ್ತು ಹೊಸದು ಹಾಕಿ, ದುಡ್ಡು ಕೊಡಹೋದರೆ ಕೈಮುಗಿಯುವಷ್ಟು ಸಂಕೋಚಪಟ್ಟರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಊರಿನ ಯಾವ ಪ್ರೇಕ್ಷಣೀಯ ಸ್ಥಳವೂ ಮೂಡಿಸಲಿಲ್ಲ. ಬೇರೆಯವರ ಗಾಡಿ ಕೆಟ್ಟಿರುವುದು ಅವರ ಪಾಲಿಗೆ ಪ್ರವಾಸದ ನಿಜವಾದ ಫಲ.

ಅವರ ಇನ್ನೊಂದು ಸದ್ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ಗಾಡಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕುಗಳು: ಶೌಚದ್ದು ಒಂದು, ಸಿಂಕು ಮತ್ತು ಬಚ್ಚಲಿನದು ಇನ್ನೊಂದು. ತುಂಬಿದಾಗ ಸ್ಯಾನಿ-ಡಂಪ್ ಎಂಬಲ್ಲಿಗೆ ಹೋಗಿ ದಪ್ಪ ಪೈಪು ಸಿಕ್ಕಿಸಿ ಖಾಲಿ ಮಾಡಬೇಕು. ಮೊದಲು ಶೌಚದ್ದು, ಆಮೇಲೆ ಬಚ್ಚಲಿನದು. ಹಾಗೆ ಮಾಡಿದರೆ ಎರಡನೆಯ ನೀರು ಪೈಪನ್ನೂ ತೊಳೆದುಬಿಡುತ್ತದೆ. ಈ ಶಾಸ್ತ್ರವನ್ನು ಯಜಮಾನರು ನನಗೆ ಊಟದ ಹೊತ್ತಿನಲ್ಲೇ ವಿವರಿಸಿದರು. ಮೂವತ್ತು ವರ್ಷ ದೊಡ್ಡ ಆಫೀಸಿನಲ್ಲಿ ಮ್ಯಾನೇಜರಾಗಿದ್ದವರು, ಈಗ ರಬ್ಬರಿನ ಗ್ಲೌಸು ತೊಟ್ಟು ತಮ್ಮ ಮನೆಯ ಕೊಳೆಯನ್ನು ತಾವೇ ತೆಗೆಯುತ್ತಾರೆ, ಅದರ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ನಮ್ಮ ನಿವೃತ್ತ ಮ್ಯಾನೇಜರುಗಳನ್ನು ನೆನೆದು ನಾನು ಸುಮ್ಮನೆ ತಲೆಯಾಡಿಸಿದೆ.

ಊರು ನೋಡಲು ಅವರು ಹೊರಡುವುದು ಮರುದಿನ ಹತ್ತು ಗಂಟೆಗೆ, ಗಾಜು ಒರೆಸಿ, ಟೈರಿನ ಗಾಳಿ ಅಳೆದು, ಎಣ್ಣೆ ನೋಡಿಯಾದ ಮೇಲೆ. ದಾರಿ ತೋರಿಸುವುದು ಯಜಮಾನಿತಿಯ ತೊಡೆಯ ಮೇಲಿನ 'ಮೈಲ್‌ಪೋಸ್ಟ್'. 1949ರಿಂದ ಬರುತ್ತಿರುವ ಈ ಕೈಪಿಡಿಯಲ್ಲಿ ಹೆದ್ದಾರಿಯ ಪ್ರತಿ ಮೈಲಿಯ ವಿವರ ಇದೆ: ಎಲ್ಲಿ ತೊರೆ, ಎಲ್ಲಿ ಸೇತುವೆ, ಎಲ್ಲಿ ಗಾಡಿ ನಿಲ್ಲಿಸಲು ಜಲ್ಲಿ ಹಾಕಿದ ಜಾಗ, ಎಲ್ಲಿ ಕಸದ ತೊಟ್ಟಿ. ಆಕೆ ಓದುತ್ತಾರೆ, ಅವರು ಓಡಿಸುತ್ತಾರೆ. ಬರೆದಲ್ಲೇ ಕಸದ ತೊಟ್ಟಿ ಸಿಕ್ಕಿತೆಂದರೆ ಇಬ್ಬರಿಗೂ ಸಮಾಧಾನ. ದಾರಿಯಲ್ಲಿ ಕಾಡುಬೈಸನ್ನುಗಳ ಹಿಂಡು ರಸ್ತೆಗೆ ಅಡ್ಡ ಮಲಗಿತ್ತಂತೆ. ಅದು ಪುಸ್ತಕದಲ್ಲಿ ಹೇಳಿದ ಮೈಲಿಗಿಂತ ಸ್ವಲ್ಪ ಮುಂದೆ ಸಿಕ್ಕಿತು ಎಂಬುದು ಯಜಮಾನರ ದೂರು. ಲಿಯರ್ಡ್ ಬಿಸಿನೀರಿನ ಬುಗ್ಗೆಗಳು ಇಲ್ಲಿಗೆ ಬರುವ ಮುಂಚೆ, ಇನ್ನೂರು ಚಿಲ್ಲರೆ ಕಿಲೋಮೀಟರ್ ಹಿಂದೆ. ಕಾಡಿನ ನಡುವೆ ಹಲಗೆ ಹಾಸಿದ ದಾರಿ ಹಿಡಿದು ಹೋಗಿ, ಹೊಗೆಯಾಡುವ ನೀರಿನಲ್ಲಿ ಕೂರಬಹುದಾದ ಜಾಗ. ಯಜಮಾನಿತಿಗೆ ಇಳಿಯುವ ಆಸೆಯಿತ್ತು. "ಬಿಸಿನೀರು ಒಳಗೇ ಬರತ್ತಲ್ಲ," ಎಂದು ಯಜಮಾನರು ಮುಂದೆ ಓಡಿಸಿದರು.

ವಾಟ್ಸನ್ ಲೇಕಿನ ಹೆಸರುವಾಸಿ ನೋಟವೆಂದರೆ ಫಲಕಗಳ ಕಾಡು, ಸೈನ್ ಪೋಸ್ಟ್ ಫಾರೆಸ್ಟ್. ಪರ್ಲ್ ಹಾರ್ಬರಿನ ಮೇಲೆ ಜಪಾನ್ ಬಾಂಬು ಹಾಕಿದ ಮೇಲೆ, ಅಲಾಸ್ಕಾಕ್ಕೆ ನೆಲದ ದಾರಿ ಬೇಕೆಂದು ಅಮೆರಿಕದ ಸೈನ್ಯ 1942ರಲ್ಲಿ ಡಾಸನ್ ಕ್ರೀಕಿನಿಂದ ಈ ರಸ್ತೆಯನ್ನು ಕಡಿಯಿತು. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು, ಸುಮಾರು ಎಂಟು ತಿಂಗಳು, ಎರಡು ಸಾವಿರ ಕಿಲೋಮೀಟರಿಗೂ ಮೀರಿದ ಕಾಡು ಮತ್ತು ಕೆಸರು. ಅವರಲ್ಲಿ ಒಬ್ಬ ಕಾರ್ಲ್ ಲಿಂಡ್ಲಿ. ಗಾಯವಾಗಿ ಹಗುರ ಕೆಲಸಕ್ಕೆ ಹಾಕಿದ್ದಾಗ, ಕೆಟ್ಟುಹೋದ ಕೈಕಂಬ ಸರಿಮಾಡು ಎಂದರು. ಅವನು ಸರಿಮಾಡಿ, ಜೊತೆಗೆ ತನ್ನೂರಾದ ಇಲಿನಾಯ್‌ನ ಡ್ಯಾನ್‌ವಿಲ್ ಎಷ್ಟು ದೂರ ಎಂಬ ಹಲಗೆಯನ್ನೂ ಹೊಡೆದ. ನೋಡಿದವರೆಲ್ಲ ತಂತಮ್ಮ ಊರಿನದನ್ನು ಹೊಡೆಯತೊಡಗಿದರು. ಈಗ ಅಲ್ಲಿ 80,000ಕ್ಕೂ ಹೆಚ್ಚು ಫಲಕಗಳಿವೆ: ಕಾರಿನ ನಂಬರ್ ಪ್ಲೇಟು, ಬಾಣಲೆಯ ತಳ, ಜರ್ಮನಿಯ ಊರುಗಳ ಹಳದಿ ಹಲಗೆ. ಆ ಊರುಗಳ ಪುರಸಭೆಗಳಿಗೆ ಈ ಸಂಗತಿ ಗೊತ್ತಿದೆಯೋ ಇಲ್ಲವೋ.

ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಯಜಮಾನರಿಗೆ ಹೇಳಿ ಮಾಡಿಸಿದ ನೋಟ ಇದು. ವಾರಗಟ್ಟಲೆ ಓಡಿಸಿಕೊಂಡು ಅರವತ್ತನೇ ಅಕ್ಷಾಂಶದ ತನಕ ಬಂದು, ಇಲ್ಲಿ ಅವರು ಹುಡುಕುವುದು ತಮ್ಮೂರಿನ ಹೆಸರನ್ನು. ಕತ್ತು ಮೇಲೆ ಮಾಡಿ ಕಂಬದಿಂದ ಕಂಬಕ್ಕೆ ಎರಡು ಗಂಟೆ ಅಲೆದರು. ತಮ್ಮೂರಿನದು ಸಿಗಲಿಲ್ಲ, ನಲವತ್ತು ಮೈಲಿ ಆಚೆಯ ಊರಿನದು ಸಿಕ್ಕಿತು. "ನೋಡಿ, ಇಲ್ಲೇ ನಮ್ಮ ಹಲ್ಲಿನ ಡಾಕ್ಟರು ಇರೋದು!" ಎಂದು ನನ್ನ ರಟ್ಟೆ ಹಿಡಿದು ಎಳೆದು ತೋರಿಸಿದರು. ನಾನೂ ಫೋಟೋ ತೆಗೆದುಕೊಂಡೆ. ಬೇರೇನು ಮಾಡಲಿ?

ಈ ನೆಲ ಕಾಸ್ಕಾ ಜನರದು. ಸೈನ್ಯದ ಬುಲ್ಡೋಜರು ಬರುವುದಕ್ಕೆ ಎಷ್ಟೋ ಕಾಲ ಮುಂಚಿನಿಂದ ಅವರು ಇಲ್ಲಿ ಬೇಟೆಯಾಡಿ ಬದುಕಿದವರು, ಇವತ್ತೂ ಇಲ್ಲಿರುವವರು. ಯಜಮಾನರು ಅವರನ್ನು ಭೇಟಿಯಾದದ್ದು ಡೀಸೆಲ್ ಹಾಕಿಸುವಾಗ, ರಸೀದಿ ಇಸಿದುಕೊಳ್ಳುವಷ್ಟು ಹೊತ್ತು. ಲಿಂಡ್ಲಿಯ ಕಥೆಯನ್ನು ಮಾತ್ರ ನನಗೆ ಮೂರು ಸಲ ಹೇಳಿದರು.

ಇನ್ನು ಉಳಿದದ್ದು ಉತ್ತರದ ಬೆಳಕು, ಕತ್ತಲೆಯ ಆಕಾಶದಲ್ಲಿ ಅಲೆಯಾಡುವ ಅರೋರಾ. ಅದನ್ನು ನೋಡದೆ ಹಿಂದಿರುಗಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ! ತೊಂದರೆಯೆಂದರೆ ಜೂನ್ ತಿಂಗಳಲ್ಲಿ ಇಲ್ಲಿ ಕತ್ತಲೆ ಎಂಬುದೇ ಆಗುವುದಿಲ್ಲ. ಸೂರ್ಯ ಹತ್ತೊಂಬತ್ತು ಗಂಟೆ ದುಡಿದು, ಮಿಕ್ಕ ಹೊತ್ತೂ ದಿಗಂತದ ಕೆಳಗೇ ಸುಳಿದಾಡುತ್ತಿರುತ್ತಾನೆ. ಯಜಮಾನರು ಮಲಗುವುದೇ ಕಿಟಕಿಗಳಿಗೆಲ್ಲ ಅಲ್ಯುಮಿನಿಯಂ ಹಾಳೆ ಅಂಟಿಸಿಕೊಂಡು. ಈ ಕೊರತೆ ಬಲ್ಲ ಊರಿನವರು ನಾರ್ದರ್ನ್ ಲೈಟ್ಸ್ ಸೆಂಟರ್ ಕಟ್ಟಿ, ಗುಮ್ಮಟದ ಒಳಮೈಯ ಮೇಲೆ ಬೇಸಗೆಯ ಪ್ರವಾಸಿಗರಿಗೆ ಉತ್ತರದ ಬೆಳಕಿನ ಚಿತ್ರ ತೋರಿಸುತ್ತಾರೆ. ಟಿಕೆಟು ಕೊಂಡು, ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ನಾವೆಲ್ಲ ಸಾಲಾಗಿ ಒರಗಿದೆವು. ದೀಪ ಆರಿತು. ವಾಟ್ಸನ್ ಲೇಕಿಗೆ ಬಂದಮೇಲೆ ಯಜಮಾನರಿಗೆ ಸಿಕ್ಕ ಮೊದಲ ನಿಜವಾದ ಕತ್ತಲೆ. ಹಸಿರು ಪರದೆ ಮೇಲೆ ಅಲೆಯಾಡುವುದಕ್ಕೆ ಮುಂಚೆಯೇ ಗೊರಕೆ ಶುರುವಾಯಿತು. ಯಜಮಾನಿತಿ ಎಬ್ಬಿಸಲಿಲ್ಲ. ಕಣ್ಣರಳಿಸಿ ಪೂರ್ತಿ ನೋಡಿದವರು ಅವರೊಬ್ಬರೇ. ಹೊರಗೆ ಬಂದ ಮೇಲೆ ಯಜಮಾನರು ಫೋನಿನಲ್ಲಿ ಮಗಳಿಗೆ, "ಅದ್ಭುತ! ಮಾತಲ್ಲಿ ಹೇಳೋಕಾಗಲ್ಲ," ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ.

ಹೊರಡುವ ಬೆಳಗು ನೀರಿನ ಪೈಪು ಸುತ್ತಿ, ಕರೆಂಟಿನ ವೈರು ಸುತ್ತಿ, ಬಾಲಕ್ಕೆ ಕಾರು ಸಿಕ್ಕಿಸಿ, ಮೂರು ಸಲ ಪ್ರದಕ್ಷಿಣೆ ಬಂದು, ಯಜಮಾನರು ಸ್ಟೇರಿಂಗ್ ಹಿಂದೆ ಕೂತರು. ಅಳಿಯ ಕಿಟಕಿಯ ಕೆಳಗೆ ನಿಂತು, ವಾಟ್ಸನ್ ಲೇಕ್ ಹೇಗನಿಸಿತು ಎಂದು ಕೇಳಿದ.

ಯಜಮಾನರು ಕೈ ಗದ್ದಕ್ಕಿಟ್ಟು ಯೋಚಿಸಿದರು. ಮರ್ಯಾದೆಗೆ ಹೇಳುವ ಉತ್ತರವಲ್ಲ, ನಿಜ ಹೇಳಬೇಕೆಂಬ ಕಾಳಜಿ ಮುಖದ ಮೇಲಿತ್ತು.

"ನೀರಿನ ಪ್ರೆಶರ್ ಚೆನ್ನಾಗಿದೆ," ಎಂದರು.

"ಬರೆದುಕೊಂಡಿದೀನಿ," ಎಂದರು ಯಜಮಾನಿತಿ, ಪುಸ್ತಕದಿಂದ ತಲೆಯೆತ್ತದೆ.