ಉದ್ಯೋಗಾನ್ವೇಷಣ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಮೊದಲಿಗೆ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ಓದುವ ಯೋಗ್ಯತೆಯುಳ್ಳ ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ವೇದಾಂತಕ್ಕೆ ಬೇಕಾದ ಈ ಶಿಸ್ತು ನೌಕರಿ ಹುಡುಕಾಟಕ್ಕೆ ಬೇಡವೆನ್ನಲು ಕಾರಣ ಕಾಣದು. ಮೋಕ್ಷಕ್ಕಾದರೂ ಜನ್ಮಾಂತರಗಳ ವಾಯಿದೆಯಿದೆ. ಮನೆ ಬಾಡಿಗೆಗೆ ಐದನೇ ತಾರೀಖಿನವರೆಗೆ ಮಾತ್ರ.

ಅಧಿಕಾರಿ

ಅಧಿಕಾರಿಗಳು ಮೂರು ಬಗೆ. ಕೆಲಸವಿಲ್ಲದವರು ಉತ್ತಮರು, ವೈರಾಗ್ಯವೊಂದನ್ನು ಬಿಟ್ಟರೆ ಉಳಿದೆಲ್ಲ ಅರ್ಹತೆಯೂ ಅವರಿಗಿದೆ. ಕೆಲಸವಿದ್ದೂ ಮ್ಯಾನೇಜರ್ ದೆಸೆಯಿಂದ ಇಲ್ಲದಂತಿರುವವರು ಮಧ್ಯಮರು. ಫೋನ್ ಬಂದೊಡನೆ ಆಫೀಸಿನ ಮೆಟ್ಟಿಲ ಕಡೆ ಸರಿಯುವುದು ಇವರ ಲಕ್ಷಣ. ಮೂರನೆಯವರು ನೋಟಿಸ್ ಪೀರಿಯಡ್ಡಿನ ತ್ರಿಶಂಕುಗಳು.

ಈ ಮೂರನೆಯವರ ವಿಚಾರದಲ್ಲಿ ತರ್ಕದ ತೊಡಕೊಂದಿದೆ. ಬೆಂಗಳೂರಿನ ಅನೇಕ ಐಟಿ ಕಂಪನಿಗಳು ಬಿಟ್ಟುಹೋಗುವವನನ್ನು 90 ದಿನ ಬಿಡುವುದಿಲ್ಲ. ಬರುವವನು ಮಾತ್ರ 15 ದಿನದಲ್ಲಿ ಬಂದು ಕೂರಬೇಕು. ಒಂದೇ ಕಂಪನಿ ಒಂದೇ ಬಾಯಲ್ಲಿ ಎರಡನ್ನೂ ಹೇಳುವುದನ್ನು ಸಮರ್ಥಿಸಲು ಜೈನರ ಸ್ಯಾದ್ವಾದಕ್ಕಷ್ಟೇ ಸಾಧ್ಯ. ಪರಿಹಾರವೇನೆಂದರೆ, ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ ನೋಟಿಸಿನ ಷರತ್ತು ಓದಬೇಕು. ಉಳಿದ ದಿನಗಳಿಗೆ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ‘ಬೈಔಟ್’ ಇದೆಯೇ, ಇದ್ದರೆ ಆ ದುಡ್ಡನ್ನು ಹೊಸಬರು ಕೊಡುತ್ತಾರೆಯೇ ಎಂದು ಕೇಳಬೇಕು. ಆಫರ್ ಲೆಟರ್ ಕೈಗೆ ಬರುವ ಮುನ್ನ ರಾಜೀನಾಮೆ ಕೂಡದು. “ಎಚ್‌ಆರ್ ಫೋನಲ್ಲಿ ಓಕೆ ಅಂದ್ರು” ಎಂಬುದು ಶಬ್ದಪ್ರಮಾಣ. ಇಲ್ಲಿ ಪ್ರತ್ಯಕ್ಷಪ್ರಮಾಣವೊಂದೇ ಸಲ್ಲುತ್ತದೆ.

ವಿಷಯ

ವಿಷಯವೆಂದರೆ ರೆಸ್ಯೂಮೆ. ಅದು ಜೀವನಚರಿತ್ರೆ ಎಂಬುದು ಪೂರ್ವಪಕ್ಷ. ಆದ್ದರಿಂದಲೇ ಅದರಲ್ಲಿ ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಅಂಕ, ಸಂಗೀತ ಕೇಳುವ ಹವ್ಯಾಸ, ‘ಕಷ್ಟಪಟ್ಟು ದುಡಿಯುವ ಸ್ವಭಾವ’, ಕೊನೆಗೆ ‘ಮೇಲ್ಕಂಡ ವಿವರಗಳು ಸತ್ಯ’ ಎಂಬ ಘೋಷಣೆ ಎಲ್ಲವೂ ಇರುತ್ತವೆ. ಇರದಿರುವುದು ಒಂದೇ: ಕೆಲಸ ಕೊಡುವವನಿಗೆ ಏನು ಬೇಕು ಎಂಬುದು.

ರೆಸ್ಯೂಮೆ ಹೇಳಬೇಕಾದದ್ದು ಅದನ್ನೇ ಎಂಬುದು ಸಿದ್ಧಾಂತ. ಅದಕ್ಕೆ ಆಧಾರ ಲಿಯೊನಾರ್ಡೊ ಡಾ ವಿಂಚಿ. 1482ರ ಸುಮಾರಿಗೆ, ಮೂವತ್ತರ ಆಸುಪಾಸಿನಲ್ಲಿ, ಅವನು ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಕಾಗದ ಸಿದ್ಧಪಡಿಸಿದ. ಸ್ಫೋರ್ಜಾನಿಗಿದ್ದ ಚಿಂತೆ ಯುದ್ಧದ್ದು. ಹಾಗಾಗಿ ಹೊತ್ತೊಯ್ಯಬಲ್ಲ ಸೇತುವೆ, ಕೋಟೆಯ ಕಂದಕದ ನೀರು ತೆಗೆಯುವ ಉಪಾಯ, ಫಿರಂಗಿ, ಸುರಂಗ ಎಂದು ನಂಬರು ಹಾಕಿ ಬರೆದ. ಶಾಂತಿಕಾಲದ ಕೆಲಸಗಳ ಸರದಿ ಹತ್ತನೆಯದು; ಚಿತ್ರ ಬರೆಯಲೂ ಬರುತ್ತದೆಂಬುದು ಅದಕ್ಕೂ ಆಮೇಲೆ. ಆಮೇಲೆ ಸ್ಫೋರ್ಜಾ ಅವನಿಂದ ಬರೆಸಿದ್ದು ‘ಲಾಸ್ಟ್ ಸಪ್ಪರ್’ ಚಿತ್ರ. ಜಾಹೀರಾತಿನ ಕೆಲಸಕ್ಕೂ ಸೇರಿದ ಮೇಲೆ ಮಾಡುವ ಕೆಲಸಕ್ಕೂ ತಾಳೆಯಾಗದೆಂಬ ಇಂದಿನವರ ದೂರು ಹೊಸದೇನಲ್ಲ.

ಇಂದು ರೆಸ್ಯೂಮೆಯನ್ನು ಮೊದಲು ಓದುವುದು ಹಲವು ಕಡೆ ಮನುಷ್ಯನಲ್ಲ, ಸಾಫ್ಟ್‌ವೇರ್. ಎರಡು ಕಾಲಂ, ಟೇಬಲ್, ಬಣ್ಣದ ಚಿಹ್ನೆಗಳು ಅದಕ್ಕೆ ಎಷ್ಟೋ ಸಲ ಅರ್ಥವಾಗುವುದಿಲ್ಲ. ಜಾಹೀರಾತಿನಲ್ಲಿರುವ ಪದಗಳನ್ನು, ಅವು ನಿಮ್ಮ ಪಾಲಿಗೆ ನಿಜವಾಗಿದ್ದರೆ, ಹಾಗೆಯೇ ಬಳಸಿ. ‘ಲೆಕ್ಕಪತ್ರದ ಜವಾಬ್ದಾರಿ ಹೊತ್ತಿದ್ದೆ’ ಎನ್ನುವ ಬದಲು ‘ತಿಂಗಳ ಲೆಕ್ಕ ಮುಗಿಸಲು 9 ದಿನ ಹಿಡಿಯುತ್ತಿತ್ತು, 4 ದಿನಕ್ಕೆ ಇಳಿಸಿದೆ’ ಎಂದರೆ ಸಾಫ್ಟ್‌ವೇರ್‌ಗೂ ಆಮೇಲೆ ಓದುವ ಮನುಷ್ಯನಿಗೂ ಹಿಡಿತ ಸಿಗುತ್ತದೆ.

ಸಂಬಂಧ

ಇಲ್ಲಿ ಎರಡು ಮತಗಳಿವೆ. ದಿನಕ್ಕೆ ನೂರು ಅರ್ಜಿ ಒತ್ತಿದರೆ ಒಂದಾದರೂ ಫಲಿಸುತ್ತದೆ ಎಂಬುದು ಕ್ಲಿಕ್ಕುವಾದಿಗಳದು. ನಾಮಜಪಕ್ಕಾದರೂ ಒಬ್ಬ ಕೇಳುವವನಿದ್ದಾನೆ, ಈ ಜಪಕ್ಕೆ ಅವನೂ ಇಲ್ಲ ಎಂದಷ್ಟು ಹೇಳಿ ಅವರನ್ನು ಬಿಟ್ಟುಬಿಡಬಹುದು. ಜೀವದ ಗೆಳೆಯನಿಗೆ ಹೇಳಿದರೆ ಸಾಕು ಎಂಬುದು ಗೆಳೆಯವಾದಿಗಳ ಮತ. ಇದನ್ನು ಖಂಡಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದವರನ್ನು ವಿಚಾರಿಸಿ ಅವರು 1973ರ ಪ್ರಬಂಧದಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಪರಿಚಯದವರಿಂದ ಕೆಲಸ ಸಿಕ್ಕವರಲ್ಲಿ, ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರು ಶೇ. 16.7, ಆಗೊಮ್ಮೆ ಈಗೊಮ್ಮೆ ಕಾಣುತ್ತಿದ್ದವರು ಶೇ. 55.6, ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವವರು ಶೇ. 27.8. ಕಾರಣ ಸರಳ. ಜೀವದ ಗೆಳೆಯನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತೇ ಇರುತ್ತದೆ. ಹೊಸ ಸುದ್ದಿ ಬರಬೇಕಾದದ್ದು ಅರೆಪರಿಚಿತರಿಂದ.

ನಮ್ಮಲ್ಲಿ ಇಂಥ ಅರೆಪರಿಚಿತರು ಒಟ್ಟಿಗೆ ಸಿಗುವ ಜಾಗ ಮದುವೆಮನೆ. ಕೆಲಸ ಹೋದವನು ತಪ್ಪಿಸಿಕೊಳ್ಳುವ ಜಾಗವೂ ಅದೇ. ಹೇಗೋ ಎಳೆದುಕೊಂಡು ಬಂದರು, ಎರಡನೇ ಪಂಕ್ತಿಯಲ್ಲಿ ಕೂರಿಸಿದರು ಎನ್ನಿ. ಕೋಸಂಬರಿ, ಪಲ್ಯ ಬಿದ್ದಾಗಿದೆ, ಅನ್ನ ಇನ್ನೂ ಆ ತುದಿಯಲ್ಲಿದೆ. ಪಕ್ಕದೆಲೆಯಲ್ಲಿ ಅಮ್ಮನ ಸೋದರತ್ತೆಯ ಅಳಿಯ.

“ಏನಪ್ಪಾ, ಈಗೆಲ್ಲಿ ಕೆಲಸ?”

“ನಡೀತಾ ಇದೆ ಮಾವ,” ಎಂದು ಇವನು ಹಪ್ಪಳ ಮುರಿಯುತ್ತಾನೆ. ಪೀಣ್ಯದ ಹತ್ತಾರು ಕಾರ್ಖಾನೆಗಳಿಗೆ ಲೆಕ್ಕ ಬರೆದುಕೊಡುವ ಮಾವ ಹೋಳಿಗೆಯ ಕಡೆ ತಿರುಗುತ್ತಾರೆ. ಅಲ್ಲಿಗೆ ಒಂದು ನೇಮಕಾತಿ ಸಂಸ್ಥೆ ಬಾಗಿಲು ಹಾಕಿತು.

ಶಾಸ್ತ್ರಸಮ್ಮತವಾದ ಉತ್ತರ ಬೇರೆ: “ಹೋದ ತಿಂಗಳು ಕೆಲಸ ಹೋಯ್ತು ಮಾವ. ಅಕೌಂಟ್ಸ್‌ನಲ್ಲಿದ್ದೆ, ಜಿಎಸ್‌ಟಿ ರಿಟರ್ನ್ಸ್ ಎಲ್ಲ ನಾನೇ ಫೈಲ್ ಮಾಡ್ತಿದ್ದೆ. ಪೀಣ್ಯ ಕಡೆ ಯಾರಿಗಾದ್ರೂ ಬೇಕಾ, ವಿಚಾರಿಸ್ತೀರಾ?” ಅನ್ನ ಎಲೆಗೆ ಬರುವಷ್ಟರಲ್ಲಿ ಮುಗಿಯುವ ಮಾತು. “ಎಲ್ಲಾದ್ರೂ ಏನಾದ್ರೂ ಇದ್ರೆ ಹೇಳಿ” ಎಂಬ ವಾಕ್ಯ ಮಾತ್ರ ನಿಷಿದ್ಧ. ‘ಎಲ್ಲಾದರೂ ಏನಾದರೂ’ ಎಂಬ ಹುದ್ದೆ ಯಾವ ಕಂಪನಿಯಲ್ಲೂ ಇಲ್ಲ. ಮದುವೆಯಿಲ್ಲದ ಆಷಾಢದಲ್ಲಿ ಇದೇ ಮಾತನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದು. ಸಂಕೋಚ ಬೇಡ: ಅನೇಕ ಕಂಪನಿಗಳಲ್ಲಿ ಹೆಸರು ಸೂಚಿಸಿದ ನೌಕರನಿಗೆ ರೆಫರಲ್ ಬೋನಸ್ ಉಂಟು. ನೀವು ಕೇಳುವುದು ಉಪಕಾರವೇ ಆದರೂ ಅವನಿಗೆ ನಷ್ಟದ್ದಲ್ಲ.

ಪ್ರಯೋಜನ

ಸಂಬಳವೇ ಪರಮ ಪ್ರಯೋಜನ. ಅದನ್ನು ಮರೆಮಾಚುವ ಮಾಯೆಗೆ ಸಿಟಿಸಿ, ಅಂದರೆ ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚ, ಎಂದು ಹೆಸರು. ವರ್ಷಕ್ಕೆ 6 ಲಕ್ಷವೆಂದರೆ ತಿಂಗಳಿಗೆ 50,000 ಎಂದುಕೊಳ್ಳುವುದು ಹಗ್ಗವನ್ನು ಹಾವೆಂದುಕೊಂಡಂತೆ. ವ್ಯತ್ಯಾಸವೇನೆಂದರೆ, ಇಲ್ಲಿ ನಿಜ ತಿಳಿದ ಮೇಲೆ ಹೆದರಿಕೆ ಶುರುವಾಗುತ್ತದೆ. ಬೇಸಿಕ್ 25,000 ಎಂದಿಟ್ಟುಕೊಳ್ಳಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಅದರ ಪಾಲು ಶೇ. 12, ಅಂದರೆ 3,000. ನಿಮ್ಮ ಪಾಲು ಇನ್ನೊಂದು 3,000. ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಕೈಗೆ ಬರುವ ಗ್ರಾಚ್ಯುಟಿಗೆಂದು ಶೇ. 4.81ರಂತೆ 1,200. ‘ವೇರಿಯಬಲ್’ ಶೇ. 10 ಇದ್ದರೆ 5,000. ವೃತ್ತಿ ತೆರಿಗೆ 200. ಉಳಿದದ್ದು 37,600. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: “ತಿಂಗಳಿಗೆ ಬ್ಯಾಂಕಿಗೆ ಎಷ್ಟು ಬೀಳುತ್ತೆ?”

ದುಡ್ಡು ಆಚೆಯಿಂದ ಈಚೆಗೆ ಬರಬೇಕೆಂಬುದೂ ಈ ಅಧಿಕರಣದ ನಿಯಮ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ನಿಮ್ಮಿಂದಲೇ ಕೇಳುವವನು ಕೆಲಸ ಕೊಡುವವನಲ್ಲ, ಕೆಲಸ ಕೊಡುತ್ತೇನೆನ್ನುವುದೇ ಅವನ ಕೆಲಸ. ಹಾಗೆಯೇ, ಹಿಂದಿನ ಕೆಲಸದ ತಾರೀಖುಗಳನ್ನು ತಿದ್ದಬೇಡಿ. ಯುಎಎನ್ ನಂಬರಿನಡಿ ಪಿಎಫ್ ಕಟ್ಟಿದ ಕಂಪನಿಗಳ ಚರಿತ್ರೆ ಪೂರ್ತಿ ಸಿಗುತ್ತದೆ. ಚಿತ್ರಗುಪ್ತನಿಗಿಂತ ಇದರ ಲೆಕ್ಕ ಬೇಗ ಕೈಗೆ ಬರುತ್ತದೆ.

ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಈ ಶಾಸ್ತ್ರ ನಾಲ್ಕನೆಯದೊಂದನ್ನು ವಿಧಿಸುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ನೀವೂ ಯಾರಿಗೋ ಅರೆಪರಿಚಿತರು. ಮುಂದಿನ ಮದುವೆಯಲ್ಲಿ ಪಕ್ಕದೆಲೆಯ ಹುಡುಗ “ನಡೀತಾ ಇದೆ ಅಣ್ಣ” ಎಂದರೆ, ಹೋಳಿಗೆಯ ಕಡೆ ತಿರುಗುವ ಮೊದಲು ಇನ್ನೊಂದು ಸಲ ಕೇಳಿ, ರೆಸ್ಯೂಮೆ ಕಳಿಸು ಎನ್ನಿ. ಬೋನಸ್ ಬಂದರೆ ಅದು ಆನುಷಂಗಿಕ ಫಲ, ಇಟ್ಟುಕೊಳ್ಳಲು ದೋಷವಿಲ್ಲ.