ಐದು ಒತ್ತಿದವರಿಗೆ ಮಿಡಿ ಉಪ್ಪಿನಕಾಯಿ

ಹೆಗ್ಗೋಡಿನ ಆಸುಪಾಸಿನ ಹೋಂಸ್ಟೇ ಒಂದರ ಕೌಂಟರಿನಲ್ಲಿ, ಕವಳದ ತಟ್ಟೆಗೂ ಬಿಲ್ ಪುಸ್ತಕಕ್ಕೂ ನಡುವೆ, ಕ್ಯೂಆರ್ ಫಲಕವೊಂದು ನಿಂತಿತ್ತು. ಯಜಮಾನರು ತೋಟಕ್ಕೆ ಹೋದ ಹೊತ್ತು ನೋಡಿ ಅದನ್ನು ಮಾತಿಗೆಳೆದೆ.

ನಿಮ್ಮ ಕೆಲಸ ಏನು?

ಫಲಕ: ಬಾಗಿಲು ಕಾಯೋದು. ನಾಲ್ಕೋ ಐದೋ ನಕ್ಷತ್ರ ಒತ್ತಿದವರನ್ನ ನೇರ ಗೂಗಲ್ ಮ್ಯಾಪಿಗೆ ಬಿಡ್ತೀನಿ. ಮೂರು, ಅದಕ್ಕೂ ಕಡಿಮೆ ಒತ್ತಿದ್ರೆ ‘ನಿಮ್ಮ ಮಾತು ಅಮೂಲ್ಯ’ ಅಂತ ಹೇಳಿ ಯಜಮಾನರ ವಾಟ್ಸಾಪಿಗೆ ಇಳಿಸ್ತೀನಿ.

ಹೊಗಳಿಕೆ ಜಗಲಿಗೆ, ದೂರು ಹಿತ್ತಲಿಗೆ?

ಫಲಕ: ಮನೆ ಅಂದಮೇಲೆ ಹಿತ್ತಲು ಬೇಡ್ವಾ?

ಮೆಚ್ಚಿದವರನ್ನಷ್ಟೇ ಆರಿಸಿ ಕೇಳಬಾರದು, ಬರೆದದ್ದಕ್ಕೆ ಉಡುಗೊರೆ ಕೊಡಬಾರದು ಅಂತ ಗೂಗಲ್ಲೇ ನಿಯಮ ಮಾಡಿದೆ.

ಫಲಕ: ಉಡುಗೊರೆ ಎಲ್ಲಿ ಕೊಟ್ವಿ? ಐದು ಒತ್ತಿದವರಿಗೆ ಒಂದು ಬಾಟ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಅಷ್ಟೇ. ಅತಿಥಿ ಬರಿಗೈಲಿ ಹೋಗಬಾರದು.

ನಾಲ್ಕು ಒತ್ತಿದವರು?

ಫಲಕ: ಅವರು ಮಜ್ಜಿಗೆ ಕುಡಿದು ಹೋಗ್ತಾರೆ.

ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಅಂತ 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ತಂದಿತು. ನೋಡಿದೀರಾ?

ಫಲಕ: ಹ್ಞೂಂ. ಕಡ್ಡಾಯ ಅಲ್ಲ ಅಂತ ಅವತ್ತೇ ಹೇಳಿದ್ರು. ಆ ಮಾತಿಗೆ ಯಜಮಾನರದ್ದೂ ಐದು ನಕ್ಷತ್ರ.

ಇಲ್ಲೇ ಒತ್ತಿಸಬೇಕು ಅಂತ ಯಾಕೆ ಹಟ? ಊರಿಗೆ ಹೋಗಿ ಬರೀಲಿ.

ಫಲಕ: ಅಯ್ಯೋ, ಮೊದಲು ಹಾಗೇ ಇತ್ತು ಮಾರಾಯ್ರೇ. ಇಲ್ಲಿ ಸಿಗ್ನಲ್ ಇರಲಿಲ್ಲ. ಸಾಗರ ಮುಟ್ಟುವಾಗ ಸಿಗ್ನಲ್ ಬರ್ತಿತ್ತು, ಅಷ್ಟರಲ್ಲಿ ಸತ್ಯವೂ ನೆನಪಾಗ್ತಿತ್ತು. ಅದಕ್ಕೇ ವೈಫೈ ಹಾಕಿಸಿದ್ರು. ಕೋಣೆಗಳಿಗಲ್ಲ, ಈ ಕೌಂಟರಿಗೆ.

(ಕೇಳುವುದೇ ತಪ್ಪು ಎನ್ನುವವರ ಪೈಕಿ ನಾನಲ್ಲ. ಬಡಿಸಿದವರು ‘ಹೇಗಿತ್ತು’ ಎಂದು ವಿಚಾರಿಸದೆ ಮಲೆನಾಡಿನಲ್ಲಿ ಊಟ ಮುಗಿಯುವುದಿಲ್ಲ. ಬೇಕಾದ ಉತ್ತರಕ್ಕೆ ತಕ್ಕ ಬಾಯನ್ನು ಆರಿಸಿಕೊಳ್ಳುವುದು ಮಾತ್ರ ಬೇರೆ ಕಸುಬು.)

ನೀವಿರೋದು ನೀನಾಸಂ ನಾಟಕ ಸಂಸ್ಥೆಯ ಊರಲ್ಲಿ. 1949ರಿಂದ ನಾಟಕ ನೋಡಿದ ಊರು. ಅದರ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ಕಂಡ ನಾಟಕವನ್ನು ಬೆಳಿಗ್ಗೆ ಎಲ್ಲರೆದುರು ಚರ್ಚೆಗೆ ಇಡುತ್ತಾರೆ.

ಫಲಕ: ಗೊತ್ತು. ಶಿಬಿರಕ್ಕೆ ಬಂದ ಕೆಲವರು ಇಲ್ಲಿ ಉಳಿದಿದ್ರು. ದೋಸೆ ತಿನ್ನುವಾಗಲೇ ಶುರು: ಬೆಳಕು ಸರಿಯಿಲ್ಲ, ಎರಡನೇ ಅಂಕ ಎಳೆದರು, ರಾಜನಿಗೆ ಮಾತೇ ಏಳಲಿಲ್ಲ. ಉಪ್ಪಿನಕಾಯಿ ಆಸೆ ಇಲ್ಲ, ಏನಿಲ್ಲ, ಸುಮ್ಮನೆ ನಿಜ ಹೇಳ್ತಾರೆ! ನನಗೆ ಮೈಯೆಲ್ಲ ನಡುಕ.

ನಿಮ್ಮಲ್ಲಿ ಎಷ್ಟು ಒತ್ತಿದರು?

ಫಲಕ: ಎಲ್ಲರೂ ಐದೇ.

ಅಷ್ಟು ಖಂಡಿತವಾದಿಗಳು?

ಫಲಕ: ಯಜಮಾನರು ಪಕ್ಕದಲ್ಲೇ ನಿಂತಿದ್ರಲ್ಲ, ಬಾಟ್ಲಿ ಹಿಡ್ಕೊಂಡು.

ಯಜಮಾನರು ಅಡಿಕೆ ಬೆಳೆಗಾರರು. ಮಂಡಿಯಲ್ಲಿ ಚೀಲದ ಬಾಯಿ ನೋಡಿ ದರ ಬರೀತಾರಾ?

ಫಲಕ: ಛೆ, ತಳಕ್ಕೆ ಕೈ ಹಾಕ್ತಾರೆ. ಮೇಲೆ ಒಳ್ಳೇ ರಾಶಿ ಅಡಿಕೆ, ಅಡಿಗೆ ಅಗ್ಗದ ಗೊರಬಲು ತುಂಬಿದ್ರೆ?

ಇಲ್ಲಿಗೆ ಬರುವ ಪ್ರವಾಸಿ ಎಲ್ಲಿ ಕೈ ಹಾಕಬೇಕು?

ಫಲಕ: ಯಜಮಾನರ ವಾಟ್ಸಾಪಿಗೆ. ಅದು ಅವರ ಹೆಬ್ಬೆರಳಿಗೆ ಮಾತ್ರ ತೆರೆಯುತ್ತೆ.

ಅದರೊಳಗೆ ಏನಿದೆ, ಒಂದಾದರೂ ಹೇಳಿ.

ಫಲಕ: ಮಳೆಗಾಲದಲ್ಲಿ ಒಬ್ಬಮ್ಮ ಬರೆದಿದ್ರು, ಮಾಡಿನ ಹಂಚು ಒಡೆದಿದೆ, ಹಾಸಿಗೆ ಮೇಲೆ ಸೋರುತ್ತೆ ಅಂತ. ಯಜಮಾನರು ಕೂಡಲೇ ಕೈಮುಗಿದ ಚಿತ್ರ ಕಳಿಸಿದ್ರು.

ಹಂಚು ಬದಲಾಯಿಸಿದರಾ?

ಫಲಕ: ಕೋಣೆಯ ಫೋಟೋ ಬದಲಾಯಿಸಿದ್ರು.