ಬ್ಲಾಂಡ್‌ಗೆ ಅಂಕ ಹಾಕುವುದು

ಬಿಯರ್ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗುತ್ತೇನೆ ಎಂದರೆ ಕೇಳಿದವರೆಲ್ಲ "ಪುಣ್ಯ ಮಾಡಿದ್ರಿ ಬಿಡಿ" ಎನ್ನುತ್ತಾರೆ. ಆ ಪುಣ್ಯಕ್ಕೆ ಬೆಳಿಗ್ಗೆಯಿಂದಲೇ ಮಡಿ ಹಿಡಿಯಬೇಕೆಂಬುದು ಅವರಿಗೆ ಗೊತ್ತಿಲ್ಲ. ಸೆಂಟು ಪೂಸಿಕೊಳ್ಳುವಂತಿಲ್ಲ. ಬೆಳ್ಳುಳ್ಳಿ ಮುಟ್ಟುವಂತಿಲ್ಲ. ಅಮೆರಿಕದಲ್ಲಿರುವ ನನ್ನಂಥ ಕನ್ನಡಿಗನಿಗೆ ಇನ್ನೂ ಎರಡು ಗಂಡಾಂತರಗಳಿವೆ: ದೇವರಿಗೆ ಹಚ್ಚಿದ ಊದುಬತ್ತಿ, ಒಗ್ಗರಣೆಗೆ ಚಿವುಟಿದ ಇಂಗು. ಇಂಗಂತೂ ಯಾವ ಸೋಪಿಗೂ ಜಗ್ಗುವುದಿಲ್ಲ. ಲೋಟ ಮೂಗಿನ ಹತ್ತಿರ ಬಂದರೆ ಬೆರಳೂ ಜೊತೆಗೇ ಬರುತ್ತದಲ್ಲ!

ಸ್ಟೌಟ್ ಎಂಬ ಕಪ್ಪು ಬಿಯರ್ ಆದರೆ ಇಂಗಿನ ಎದುರೂ ಸೆಣಸೀತು. ಬೇಸಿಗೆಗೆಂದು ಮಾಡುವ ಬ್ಲಾಂಡ್ ಏಲ್ ಪಾಪದ್ದು. ಮಾಲ್ಟ್ ಎಂಬ ಮೊಳಕೆ ಧಾನ್ಯದ ಸಣ್ಣ ಸಿಹಿ, ಹಾಪ್ಸ್ ಎಂಬ ಹೂವಿನ ಸಣ್ಣ ಕಹಿ, ಶೇಕಡಾ 4ರಿಂದ 5ರ ಆಸುಪಾಸು ಆಲ್ಕೋಹಾಲ್. ಲಾಗರ್ ಕುಡಿದು ಬೆಳೆದವರನ್ನು ಬೆದರಿಸದೆ ಒಳಗೆ ಕರೆದುಕೊಳ್ಳಲೆಂದೇ ಅಮೆರಿಕದ ಸಣ್ಣ ಬ್ರೂವರಿಗಳು ಇದನ್ನು ಇಟ್ಟುಕೊಂಡವು. ಬೆಂಗಳೂರಿನ ಇಂದಿರಾನಗರದ ಟಾಯ್ಟ್ ಎಂಬ ಬ್ರೂಪಬ್‌ನಲ್ಲೂ ಬಾಸ್ಮತಿ ಬ್ಲಾಂಡ್ ಎಂಬುದೊಂದಿದೆ. ಅನ್ನದ ಋಣ ಅಲ್ಲಿಗೂ ಬಿಟ್ಟಿಲ್ಲ.

ಇನ್ನು ಈ ಸ್ಪರ್ಧೆಗಳ ಕಥೆ: 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ರುಜು ಹಾಕಿದ ಕಾನೂನಿನಿಂದ ಅಮೆರಿಕದವರಿಗೆ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕೇಂದ್ರದ ಒಪ್ಪಿಗೆ ಸಿಕ್ಕಿತು. ಮಾಡಿದ ಮೇಲೆ ಯಾರದ್ದು ಚೆನ್ನ ಎಂಬ ಜಗಳ ಬಾರದೆ ಇರುತ್ತದೆಯೆ? 1985ರಲ್ಲಿ ಬಿಜೆಸಿಪಿ ಎಂಬ ತೀರ್ಪುಗಾರರ ಸಂಸ್ಥೆ ಹುಟ್ಟಿತು. ಅದರ ಹಾಳೆಯಲ್ಲಿ ಒಟ್ಟು 50 ಅಂಕ. ಪರಿಮಳಕ್ಕೆ 12, ರುಚಿಗೆ 20, ಬಾಯಿಗೆ ಹೇಗನಿಸಿತು ಎಂಬುದಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ರೂಪಕ್ಕೆ? ಹೆಸರಲ್ಲೇ ಹೊಂಬಣ್ಣ ಹೊತ್ತು ಬಂದ ಬ್ಲಾಂಡ್‌ಗೂ ಬಣ್ಣ, ತಿಳಿ, ನೊರೆ ಎಲ್ಲ ಸೇರಿ ಮೂರೇ ಅಂಕ. ನಮ್ಮಲ್ಲಿ ವಧೂವರರ ಜಾಹೀರಾತು ಬರೆಯುವವರು ಈ ಹಾಳೆಯನ್ನು ಒಮ್ಮೆ ನೋಡಬೇಕು.

ಲೋಟಕ್ಕೆ ಬಗ್ಗಿಸಿದ ಕೂಡಲೇ ಮೂಸಬೇಕು; ತಡವಾದರೆ ಪರಿಮಳ ಹಾರಿಹೋಗುತ್ತದೆ. ವೈನಿನವರ ಹಾಗೆ ಉಗುಳುವುದಿಲ್ಲ, ನುಂಗುತ್ತೇವೆ. ಕಹಿ ಎಷ್ಟು ಹೊತ್ತು ನಿಂತಿತೆಂಬುದು ಗಂಟಲಿಗೇ ಗೊತ್ತಾಗಬೇಕಾದದ್ದು. ಆಮೇಲೆ ಶುರುವಾಗುತ್ತದೆ ದೋಷಾನ್ವೇಷಣೆ. ಹಸಿ ಸೇಬಿನ ವಾಸನೆ ಬಂತೋ, ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರ್ ಮಾಡಿದವರು ಅವಸರಪಟ್ಟಿದ್ದಾರೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಇದ್ದರೆ ಕುದಿಸುವಾಗ ಮುಚ್ಚಳ ಮುಚ್ಚಿರಬಹುದು. ಬೆಣ್ಣೆಯ ವಾಸನೆ ಬಂದರೂ ಅಂಕ ಹೋಯಿತು. ದಾವಣಗೆರೆಯ ಕಡೆಯವನಾದ ನನಗೆ, ಬೆಣ್ಣೆ ಬಂತೆಂದು ಅಂಕ ಕಳೆಯುವಾಗ ಈಗಲೂ ಕೈ ಅಳುಕುತ್ತದೆ.

ಎಲ್ಲಕ್ಕಿಂತ ವಿಚಿತ್ರ ಬಿಸಿಲಿನ ದೋಷ. ಬಿಸಿಲು ತಾಗಿದರೆ ಹಾಪ್ಸಿನ ಕಹಿ ಅಂಶ ಒಡೆದು, ಇಲ್ಲಿನ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದುರ್ನಾತದಂಥದೇ ನಾತ ಹುಟ್ಟುತ್ತದೆ. ಕಂದು ಬಾಟಲಿ ಒಂದಿಷ್ಟು ಕಾಯುತ್ತದೆ. ಗಾಜಿನ ಲೋಟದಲ್ಲಿ ತುಂಬಿ ಅಂಗಳದಲ್ಲಿಟ್ಟರೆ ಕೆಲವೇ ನಿಮಿಷ ಸಾಕು. ಬೇಸಿಗೆಗೆಂದೇ ಹುಟ್ಟಿದ ಬಿಯರಿಗೆ ಬೇಸಿಗೆಯ ಬಿಸಿಲೇ ಆಗಿಬರುವುದಿಲ್ಲ.

ಇಷ್ಟೆಲ್ಲ ಹುಡುಕಿಯೂ ದೋಷ ಸಿಗದಿದ್ದರೆ ಇನ್ನೂ ಕಷ್ಟ. ಹಾಳೆಯಲ್ಲಿ ಬರೆಯುವುದೇನು? ಸ್ಟೌಟಿಗಾದರೆ ಕಾಫಿ, ಚಾಕೊಲೇಟು, ಸುಟ್ಟ ಸಕ್ಕರೆ ಎಂದು ಪುಟ ತುಂಬಿಸಬಹುದು. ಒಳ್ಳೆಯ ಬ್ಲಾಂಡ್‌ಗೆ "ಬ್ರೆಡ್ಡಿನ ಪರಿಮಳ, ಹದವಾದ ಕಹಿ, ಸ್ವಚ್ಛ" ಎಂದು ಬರೆದರೆ ಪೆನ್ನು ನಿಂತುಹೋಗುತ್ತದೆ. ಅಬ್ಬರ ಮಾಡಿದ್ದಕ್ಕೆ ಅಂಕ ಕೊಡಲು ಬರುವಷ್ಟು ಸಲೀಸಾಗಿ, ತೆಪ್ಪಗಿದ್ದದ್ದಕ್ಕೆ ಕೊಡಲು ನಮಗೆ ಬರುವುದಿಲ್ಲ. ಅದಕ್ಕೇ ಕೊನೆಯ ಸುತ್ತಿನಲ್ಲಿ ಬ್ಲಾಂಡ್ ಗೆದ್ದದ್ದನ್ನು ನಾನು ಕಂಡದ್ದು ಕಡಿಮೆ.

ಒಮ್ಮೆ ಅಂಥ ತೆಪ್ಪಗಿನ ಬ್ಲಾಂಡ್ ಒಂದಕ್ಕೆ ನಾನು 38 ಹಾಕಿದ್ದೆ; ಪಕ್ಕದಲ್ಲಿದ್ದ ಹಿರಿಯರು, ಮುಸುಕಿನ ಜೋಳ ತಿಂದು ಬೆಳೆದ ಅಯೋವಾ ರಾಜ್ಯದವರು, 34 ಹಾಕಿದ್ದರು. "ತಪ್ಪೇನೂ ಇಲ್ಲ, ಆದರೆ ಹೇಳಿಕೊಳ್ಳುವಂಥದ್ದೂ ಇಲ್ಲ" ಎಂದರು. ಕೆಲಸ ಮುಗಿದು ಎಲ್ಲರೂ ಮಿಕ್ಕ ಬಾಟಲಿಗಳತ್ತ ಹೊರಟಾಗ, ಮೊದಲ ಸ್ಥಾನ ಪಡೆದ ಸ್ಟೌಟು ಮುಕ್ಕಾಲು ಹಾಗೇ ಉಳಿದಿತ್ತು. ನಮ್ಮ ಹಿರಿಯರು ಬ್ಲಾಂಡಿನ ಬಾಟಲಿಯನ್ನೇ ಹುಡುಕಿ ತಂದರು.

"ಇನ್ನು ನಾಲ್ಕು ಅಂಕ ಕೊಡಬಹುದಿತ್ತಲ್ಲ ಸರ್?" ಎಂದೆ.

"ಆಗ ಬಾಯಾರಿಕೆ ಆಗಿರಲಿಲ್ಲ" ಎಂದು ಲೋಟ ಮುಂದೆ ಹಿಡಿದರು.